ಬೆಳೆಸಾಲದಾಗ ಕಾಲೇಜ್ ಫೀ ಕಟ್ಟಬ್ಯಾಡ್ರಿ



ಕನಮಡಿ ಸುತ್ತ ಏಪ್ರಿಲ್ ಚಾಟನಿ ಆದ ಪಡಗಳಲ್ಲಿ ಕಡ್ಡಿ ತಯಾರಾಗಾಕತ್ತಾವ. ಹಸಿ ಆದ ಕಡೆ ತೊಗರಿ ಬಿತ್ತನೆ ನಡದದ. ಔಷಧ, ಗೊಬ್ಬರ, ಬೀಜ, ಆಳು ಎಲ್ಲಕ್ಕೂ ರೊಕ್ಕ ಬೇಕಾಗೋ ಹೊತ್ತಿದು. ಇದೇ ಹೊತ್ತಿಗೆ ಸಿಇಟಿ, ನೀಟ್ ರಿಸಲ್ಟ್ ಬಂದು ಮಕ್ಕಳ ಅಡ್ಮಿಷನ್ನೂ ಬಂದು ನಿಂದರತದ. ಎರಡೂ ಖರ್ಚು ಒಂದೇ ಕಿಸೆಗೆ ಕೈ ಹಾಕ್ತಾವ. ಅದಕ್ಕ ಈ ಸಲ ರೋಗ, ಔಷಧದ ಮಾತು ಬಿಟ್ಟು ರೊಕ್ಕದ ಮಾತು ಬರೀತೀನಿ. ಉದ್ದ ಅದ, ಬಿಡುವು ಮಾಡ್ಕೊಂಡು ಓದ್ರಿ.

ನನ್ನ ಮಾತು ಇಷ್ಟ: ಸೊಸೈಟಿ ಬೆಳೆಸಾಲ, ಕೆಸಿಸಿ, ಮನಿಯವರ ಬಂಗಾರ, ದಲಾಲರ ಮುಂಗಡ, ಸಂಘದ ಸಾಲ, ಇವು ಯಾವೂ ಕಾಲೇಜ್ ಫೀ ಕಟ್ಟೋ ಸಾಲ ಅಲ್ಲ. ಫೀ ಕಟ್ಟಾಕ ಅಂತನೇ ಒಂದು ಸಾಲ 2001ರಿಂದ ಅದ. ಅದನ್ನ ನಾವು ಕೇಳೂದಿಲ್ಲ, ಬ್ಯಾಂಕಿನವರು ಹೇಳೂದಿಲ್ಲ. ಇದರಾಗ ಲುಕ್ಸಾನ ಆಗೋದು ನಮ್ಮ ಪಡಕ್ಕ, ನಮ್ಮ ಮಕ್ಕಳಿಗೆ. ಲಾಭ ಯಾರಿಗೆ ಅನ್ನೋದನ್ನ ಮುಂದ ಹೇಳ್ತೀನಿ.

ಯಾವ ಪೀಕಿಗೆ ಯಾವ ಸಾಲ

ನೀವೇ ಹೇಳ್ರಿ, ಹೊಸ ದ್ರಾಕ್ಷಿ ಪಡ ಹಚ್ಚಾಕ ಯಾರರೆ ಬೆಳೆಸಾಲ ತಗೋತಾರೇನು? ಡಾಗ್ರಿಜ್ ಸಸಿ ಹಚ್ಚಬೇಕು, ಅದರ ಮ್ಯಾಲೆ ಕಸಿ ಕಟ್ಟಬೇಕು, ಕಲ್ಲು, ಕಬ್ಬಿಣ, ತಂತಿ ಎಬ್ಬಿಸಬೇಕು, ಹನಿ ಪೈಪು ಎಳೀಬೇಕು. ಮೊದಲ ಫಸಲು ಕಣ್ಣಿಗೆ ಕಾಣಾಕ ಎರಡು ವರ್ಷ. ಅದಕ್ಕ ಮಧ್ಯಮಾವಧಿ ಸಾಲ ಅಂತ ಬ್ಯಾರೆ ಅದ. ಪಡ ಕಾಯಿ ಹಿಡಿಯೋ ತನಕ ಅಸಲು ಕೇಳಬಾರದು ಅನ್ನೋ ಬುದ್ಧಿ ಆ ಸಾಲದೊಳಗ ಅದ. ಹನ್ನೆರಡು ತಿಂಗಳಾಗ ತೀರಿಸೋ ಸಾಲ ತಗೊಂಡು ಪಡ ಹಚ್ಚಿದವನಿಗೆ ನಾವು ಹುಚ್ಚ ಅಂತೀವಿ.

ಡಿಗ್ರಿ ಅನ್ನೋದು ಪಡಕ್ಕಿಂತ ನಿಧಾನದ ಪೀಕು. ನಾಲ್ಕು ವರ್ಷ ಬರೀ ಖರ್ಚು. ಐದನೇ ವರ್ಷ ನೌಕರಿ ಹುಡುಕಾಟ. ಮೊದಲ ಸಂಬಳ ಸಣ್ಣದು. ಇಂಥಾ ಪೀಕಿಗೆ ವರ್ಷದ ವಾಯಿದೆ ಇರೋ ಬೆಳೆಸಾಲ ಸುರಿಯೋದನ್ನ ಮಾತ್ರ ನಾವು ಜಾಣತನ ಅಂತ ತಿಳಕೊಂಡೀವಿ. "ಸೊಸೈಟಿದು ಬಡ್ಡಿನೇ ಇಲ್ಲಲ್ಲೋ ಮಾರಾಯಾ, ಅದನ್ನ ಎತ್ತಿ ಕಟ್ಟಿಬಿಡು" ಅಂತ ಕಟ್ಟಿ ಮ್ಯಾಲೆ ಕೂತು ಸಲಹೆ ಕೊಡ್ತಾರ.

ಬಡ್ಡಿ ಇಲ್ಲ ಅನ್ನೋದು ಖರೆ. ನಮ್ಮ ರಾಜ್ಯದಾಗ ಸಹಕಾರಿ ಸಂಘದ ಬೆಳೆಸಾಲಕ್ಕ 5 ಲಕ್ಷದ ತನಕ ಬಡ್ಡಿ ಶೂನ್ಯ. ರಾಷ್ಟ್ರೀಕೃತ ಬ್ಯಾಂಕಿನ ಕೆಸಿಸಿಗೆ 3 ಲಕ್ಷದ ತನಕ 7%, ಸರಿಯಾದ ಹೊತ್ತಿಗೆ ಕಟ್ಟಿದ್ರ 3% ಬಿಟ್ಟು 4%. ಆದ್ರ ಎರಡಕ್ಕೂ ಒಂದೇ ಕರಾರು: ವಾಯಿದೆ ಒಳಗ ಕಟ್ಟಬೇಕು. ಕೆಸಿಸಿ ಮಿತಿ ಹಾಕುವಾಗ ಪೀಕಿನ ಖರ್ಚಿನ ಮ್ಯಾಲೆ 10% ಮಾತ್ರ ಮನಿ ಖರ್ಚಿಗೆ ಅಂತ ಸೇರಿಸ್ತಾರ. ಅಂದ್ರ ಆ ಸಾಲ ಮಾಡಿದವರೇ ಅದರಾಗ ವರ್ಷಕ್ಕ ಲಕ್ಷ ಫೀ ಹೋಗ್ತದ ಅಂತ ಲೆಕ್ಕ ಹಿಡದಿಲ್ಲ.

ಫೀ ಕಟ್ಟಿದ ಮ್ಯಾಲೆ ಏನಾಗ್ತದ ನೋಡ್ರಿ. ಅಕ್ಟೋಬರ್ ಚಾಟನಿಗೆ ಔಷಧದ ರೊಕ್ಕ ಇರೂದಿಲ್ಲ. ಅಂಗಡಿಯಾಗ ಉದ್ರಿ ಹಚ್ಚಬೇಕು. ಉದ್ರಿಗೆ ರೇಟು ಬ್ಯಾರೆ, ಅಂವ ಕೊಟ್ಟ ಔಷಧನೇ ಹೊಡೀಬೇಕು. ಇಲ್ಲಾ ದಲಾಲರ ಕಡೆ ಮುಂಗಡ ತಗೋಬೇಕು. ಮುಂಗಡ ತಗೊಂಡ ಮ್ಯಾಲೆ ಮಣೂಕ ಅವರ ಅಂಗಡಿಗೇ ಹೋಗಬೇಕು, ಅವರು ಹೇಳಿದ ದಿನಾನೇ ಮಾರಬೇಕು. ತಾಸಗಾಂವದಾಗ ರೇಟು ಬಿದ್ದಾಗ ಕೋಲ್ಡ್ ಸ್ಟೋರೇಜ್‌ನಾಗ ಇಟ್ಟು ನಾಲ್ಕು ತಿಂಗಳು ಕಾಯೋ ಹಕ್ಕು ಹೋತು. ಕಿಲೋಕ್ಕ 30 ರೂಪಾಯಿ ಕಡಿಮಿಗೆ 4 ಟನ್ ಮಾರಿದ್ರ 1,20,000 ಅಲ್ಲೇ ಹೋತು. "ಬಡ್ಡಿ ಇಲ್ಲದ" ಸಾಲದ ಖರೆ ಬಡ್ಡಿ ಇದು. ಪಾಸ್‌ಬುಕ್ಕಿನಾಗ ಕಾಣೂದಿಲ್ಲ, ಮಣೂಕದ ಪಟ್ಟಿಯಾಗ ಕಾಣ್ತದ.

ಮಾರ್ಚಿನಾಗ ವಾಯಿದೆ ಬಂತಂದ್ರ "ಹಳೇದು ಹೊಸದು" ಮಾಡೋ ನಾಟಕ. ನಾಲ್ಕು ದಿನಕ್ಕ ಖಾಸಗಿ ರೊಕ್ಕ ತಂದು ಸೊಸೈಟಿ ತುಂಬು, ಮತ್ತ ಎತ್ತು, ಖಾಸಗಿಯವಂಗ ಕೊಡು. ಒಂದು ವರ್ಷ ಮಣೂಕ ಕೈ ಕೊಟ್ರ ಆ ನಾಟಕನೂ ನಡಿಯೂದಿಲ್ಲ. ಸಾಲ ಕಟಬಾಕಿ, ಶೂನ್ಯ ಬಡ್ಡಿ ಹೋತು, ಉತಾರದ ಮ್ಯಾಲೆ ಬೋಜಾ ಹಂಗೇ ಉಳೀತು. ಹುಡುಗ ಇನ್ನೂ ಮೂರನೇ ಸೆಮಿಸ್ಟರ್‌ನಾಗ ಇರ್ತಾನ.

ಲೆಕ್ಕ ಹಾಕಿ ನೋಡ್ರಿ

ವರ್ಷಕ್ಕ 1 ಲಕ್ಷದಂಗ ನಾಲ್ಕು ವರ್ಷಕ್ಕ 4 ಲಕ್ಷ ಬೇಕು ಅಂತ ಹಿಡಿಯೋಣ. ತೀರಿಸೋದು ಐದು ವರ್ಷ ಆದ ಮ್ಯಾಲೆ ಶುರು. ಮೊದಲ ಲಕ್ಷಕ್ಕ 5 ವರ್ಷದ ಬಡ್ಡಿ, ಎರಡನೇದಕ್ಕ 4, ಮೂರನೇದಕ್ಕ 3, ನಾಲ್ಕನೇದಕ್ಕ 2. ಅಂದ್ರ 1 ಲಕ್ಷಕ್ಕ ಒಟ್ಟು 14 ವರ್ಷದ ಬಡ್ಡಿ ಆತು.

- ಊರಾಗ ನೂರಕ್ಕ ಮೂರರಂಗ ತಿಂಗಳ ಬಡ್ಡಿ: ವರ್ಷಕ್ಕ 36,000. 14 ವರ್ಷಕ್ಕ 5,04,000. ಅಸಲು ಸೇರಿ 9,04,000.
- ನೂರಕ್ಕ ಎರಡರಂಗ: ಬಡ್ಡಿ 3,36,000. ಅಸಲು ಸೇರಿ 7,36,000.
- ವಿದ್ಯಾಸಾಲ, 10% ಅಂತ ಹಿಡದ್ರ: ಓದೋ ಹೊತ್ತಿನಾಗ ಸರಳ ಬಡ್ಡಿ, 1,40,000. ಅಸಲು ಸೇರಿ 5,40,000. ಇದನ್ನ 10 ವರ್ಷದ ಕಂತು ಮಾಡಿದ್ರ ತಿಂಗಳಿಗೆ ಸುಮಾರು 7,140. 15 ವರ್ಷ ಮಾಡಿದ್ರ ಸುಮಾರು 5,800.
- ಅದೇ ವಿದ್ಯಾಸಾಲ, ಓದೋ ಹೊತ್ತಿನ ಬಡ್ಡಿಯನ್ನ ಕೇಂದ್ರ ಸರ್ಕಾರ ತುಂಬಿದ್ರ: ಉಳಿಯೋದು ಬರೀ 4,00,000. 10 ವರ್ಷಕ್ಕ ತಿಂಗಳಿಗೆ ಸುಮಾರು 5,290.

ಕೊನೆದು ಕನಸಲ್ಲ. ಮನಿ ಆದಾಯ ವರ್ಷಕ್ಕ 4.5 ಲಕ್ಷದ ಒಳಗಿದ್ದು, ವೃತ್ತಿಪರ ಇಲ್ಲಾ ತಾಂತ್ರಿಕ ಕೋರ್ಸ್ ಇದ್ರ ಓದೋ ಅವಧಿ ಮತ್ತ ಮ್ಯಾಲೊಂದು ವರ್ಷದ ಬಡ್ಡಿ ಸರ್ಕಾರದ್ದು. ಈ ಯೋಜನೆ 2009ರಿಂದ ಅದ. 2018ರಿಂದ ಕಾಲೇಜಿಗೆ ನ್ಯಾಕ್ ಇಲ್ಲಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು ಅನ್ನೋ ಕರಾರು ಹಾಕ್ಯಾರ. ಅಡ್ಮಿಷನ್ ಮಾಡೋಕಿಂತ ಮೊದಲು ಕೇಳೋ ಪ್ರಶ್ನೆ ಇದು. ಹಾಸ್ಟೆಲ್ ನೋಡಿದಂಗ, ಬಿಲ್ಡಿಂಗ್ ನೋಡಿದಂಗ, ಈ ಕಾಗದಾನೂ ನೋಡ್ರಿ.

"ಬ್ಯಾಂಕಿನವರು ಕೊಡಂಗಿಲ್ರಿ"

ಇದನ್ನ ಎಲ್ಲರೂ ಹೇಳ್ತಾರ. ನಾನೂ ನೋಡೀನಿ. ನಮ್ಮ ತಮ್ಮನ ಮಗಳ ನರ್ಸಿಂಗ್ ಸೀಟಿಗೆ ಅಂತ ಒಂದು ಬ್ಯಾಂಕಿಗೆ ಹೋಗಿದ್ವಿ. ಹೆಸರು ಬ್ಯಾಡ. ಸಾಹೇಬ್ರು ಕಾಗದ ಮುಟ್ಟಲೇ ಇಲ್ಲ. "ಯಜಮಾನ್ರ, ಎಜುಕೇಶನ್ ಲೋನ್ ಅಂದ್ರ ಎರಡು ತಿಂಗಳು ತಿರುಗಬೇಕಾಗ್ತದ. ಮನ್ಯಾಗ ಬಂಗಾರ ಇದ್ರ ತಗೊಂಡ ಬರ್ರಿ, ಅರ್ಧ ತಾಸಿನಾಗ ಮಾಡಿಕೊಡ್ತೀನಿ" ಅಂದ್ರು. ಇಡೀ ಲೇಖನದ ತಿರುಳು ಆ ಒಂದು ಮಾತಿನಾಗ ಅದ. ಹುಡುಗಿ ಓದಿ ತೀರಿಸೋ ಸಾಲಕ್ಕ ಎರಡು ತಿಂಗಳು, ಅವರವ್ವನ ಕೊರಳಾಗಿನ ಸರಕ್ಕ ಅರ್ಧ ತಾಸು.

"ಅರ್ಜಿ ತಗೋರಿ ಸಾಹೇಬ್ರ, ಕೊಡಾಕ ಆಗಂಗಿಲ್ಲ ಅಂದ್ರ ಅದನ್ನ ಬರದು ಕೊಡ್ರಿ" ಅಂದ್ವಿ. ಬರದು ಕೊಡೋ ಮಾತು ಬಂದ ಕೂಡ್ಲೆ ಅರ್ಜಿ ಒಳಗ ಹೋತು. ಜಗಳ ಮಾಡಲಿಲ್ಲ, ಧ್ವನಿ ಏರಿಸಲಿಲ್ಲ. ಸಾಲ ಬಂತು, ಹುಡುಗಿ ಓದಾಕತ್ಯಾಳ.

ಯಾಕ ಬಂತು ಅಂದ್ರ ನಿಯಮ ನಮ್ಮ ಕಡೆ ಅದ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ವಿದ್ಯಾಸಾಲ ಯೋಜನೆ ಏನು ಹೇಳ್ತದ ಅಂದ್ರ:

1. 4 ಲಕ್ಷದ ತನಕ ಹೊಲ, ಮನಿ, ಬಂಗಾರ ಏನೂ ಒತ್ತಿ ಬ್ಯಾಡ. ತಂದಿ ಇಲ್ಲಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಮಾಡಬೇಕು, ಅಷ್ಟ. ನಮ್ಮ ಕೈಯಿಂದ ಹಾಕೋ ಪಾಲೂ ಇಲ್ಲ.
2. 2015ರಿಂದ ಕೇಂದ್ರ ಸರ್ಕಾರದ ಗ್ಯಾರಂಟಿ ನಿಧಿ ಅದ. 7.5 ಲಕ್ಷದ ತನಕದ ಸಾಲ ಮುಳುಗಿದ್ರ ಬ್ಯಾಂಕಿಗೆ 75% ಆ ನಿಧಿ ತುಂಬಿಕೊಡ್ತದ. ಅದಕ್ಕ "ಜಾಮೀನು ಯಾರು?" ಅಂತ ಕೇಳಿದ್ರ, ಜಾಮೀನು ದಿಲ್ಲಿ ಸರ್ಕಾರ ಅಂತ ಹೇಳ್ರಿ.
3. ಅರ್ಜಿ ತಿರಸ್ಕಾರ ಮಾಡೋದಿದ್ರ ಮ್ಯಾನೇಜರ್ ಒಬ್ಬರ ಮಾತು ನಡಿಯಂಗಿಲ್ಲ, ಮ್ಯಾಲಿನ ಅಧಿಕಾರಿ ಒಪ್ಪಿಗಿ ಬೇಕು.
4. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಆಮ್ಯಾಲೆ 15 ವರ್ಷದ ತನಕ ಕಂತು ಮಾಡಬಹುದು.

ಇಷ್ಟಾದ್ರೂ ಬ್ಯಾಂಕು ಬಂಗಾರದ ಕಡೆ ಯಾಕ ಕೈ ತೋರಿಸ್ತದ? ಬಂಗಾರ ತಿಜೋರಿಯಾಗ ಇರ್ತದ, ತಪ್ಪಿದ್ರ ಹರಾಜು. ವಿದ್ಯಾಸಾಲದ ಒತ್ತಿ ಹುಡುಗಿಯ ತಲಿಯಾಗ ಇರ್ತದ, ಅದನ್ನ ಹರಾಜು ಮಾಡಾಕ ಬರಂಗಿಲ್ಲ. ಬ್ಯಾಂಕಿಗೆ ಅದು ಸಲೀಸು, ನಮಗಲ್ಲ. ಅವರ ಸಲೀಸನ್ನ ನಮ್ಮ ಸಲೀಸು ಅಂತ ತಿಳಕೊಂಡು ಸರ ಬಿಚ್ಚಿ ಕೊಡೋದೇ ನಾವು ಮಾಡೋ ಕೆಲಸ.

"ನಂದು ಸಿಬಿಲ್ ಹಾಳಾಗ್ಯದ" ಅಂತ ಕೆಲವರು ಬ್ಯಾಂಕಿನ ಮೆಟ್ಲಾನೂ ಹತ್ತೂದಿಲ್ಲ. ಬರಗಾಲದಾಗ ಬೆಳೆಸಾಲ ತಪ್ಪಿದ್ದು ಅಪ್ಪ. ಓದಾಕ ಹೊಂಟಿದ್ದು ಮಗಳು. ಕೇರಳ ಹೈಕೋರ್ಟ್ 2020ರಾಗ ತಂದಿ ತಾಯಿ ಸ್ಕೋರ್ ಕಡಿಮಿ ಅಂತ ವಿದ್ಯಾಸಾಲ ನಿರಾಕರಿಸೋದು ಸರಿ ಅಲ್ಲ ಅಂದ್ರ, 2023ರಾಗ ವಿದ್ಯಾರ್ಥಿಯ ಸ್ಕೋರ್ ಬಗ್ಗೆನೂ ಅದೇ ಮಾತು ಹೇಳ್ತು. ಅದು ಕೇರಳದ ಕೋರ್ಟು, ನಮ್ಮ ಶಾಖೆಗೆ ನೇರ ಆದೇಶ ಆಗಂಗಿಲ್ಲ. ಆದ್ರ ವಾದ ನಮ್ಮದೇ. ವಿದ್ಯಾಸಾಲ ತೂಗೋದು ಮುಂದ ಗಳಿಸೋ ಶಕ್ತಿ ಮ್ಯಾಲೆ, ಹಿಂದ ಮಳಿ ಆಗಿದ್ದಿಲ್ಲ ಅನ್ನೋದರ ಮ್ಯಾಲೆ ಅಲ್ಲ. 2023ರಾಗ ಇದೇ ಸರ್ಕಾರ ರಾಜ್ಯದ 236 ತಾಲೂಕಿನಾಗ 223 ಬರಪೀಡಿತ ಅಂತ ಬರದದ. ಆ ವರ್ಷದ ಕಟಬಾಕಿಯನ್ನ ಈ ವರ್ಷದ ಹುಡುಗಿ ಹಣೆಗೆ ಯಾಕ ಹಚ್ತೀರಿ?

ಕೋಚಿಂಗ್, ಮೊಬೈಲು, ಕಂತು

ಎಲ್ಲಕ್ಕಿಂತ ಖರಾಬ್ ಸಾಲ ಕಾಲೇಜಿನದಲ್ಲ, ಅದಕ್ಕಿಂತ ಹಿಂದಿನ ಕೋಚಿಂಗಿಂದು. ಲಾತೂರ, ಧಾರವಾಡ, ಕೋಟಾ ಅಂತ ಹುಡುಗರು ಹೊಂಟಾರ. ಕೋಚಿಂಗಿಗೆ ಮಾದರಿ ವಿದ್ಯಾಸಾಲ ಸಿಗೂದಿಲ್ಲ, ಯಾಕಂದ್ರ ಅದು ಮಾನ್ಯತೆ ಇರೋ ಕೋರ್ಸ್ ಅಲ್ಲ. ಅದಕ್ಕ ಬರೋದು ಗ್ರಾಹಕ ಸಾಲ: ಪರ್ಸನಲ್ ಲೋನ್, ಮೊಬೈಲ್ ಆ್ಯಪಿನ ಸಾಲ, "ಬಡ್ಡಿ ಇಲ್ಲದ ಕಂತು". ಆನ್‌ಲೈನ್ ಕ್ಲಾಸಿನ ಏಜೆಂಟ್ ಮನಿಗೆ ಬಂದು, ಟ್ಯಾಬ್ ಕೈಗಿಟ್ಟು, "ಕಂತಿನಾಗ ಕಟ್ರಿ" ಅಂತಾನ. ಕಂತು ಅಂದದ್ದು ಯಾವುದೋ ಫೈನಾನ್ಸ್ ಕಂಪನಿ ಸಾಲ ಅಂತ ಗೊತ್ತಾಗೋದು ಖಾತೆಯಿಂದ ರೊಕ್ಕ ತಾನೇ ಕಡಿತ ಆದಾಗ. 2021ರ ಡಿಸೆಂಬರ್‌ನಾಗ ಕೇಂದ್ರದ ಶಿಕ್ಷಣ ಸಚಿವಾಲಯನೇ ಈ ಆಟೋ ಡೆಬಿಟ್ ಬಗ್ಗೆ ಪಾಲಕರಿಗೆ ಎಚ್ಚರಿಕೆ ಕೊಟ್ಟಿತ್ತು.

ಪರ್ಸನಲ್ ಲೋನು, ವಿದ್ಯಾಸಾಲ ಎರಡೂ ಒಂದೇ ಅಲ್ಲ ಅಂತ ರಿಸರ್ವ್ ಬ್ಯಾಂಕೇ ಹೇಳ್ಯದ. 2023ರ ನವೆಂಬರ್ 16ಕ್ಕ ಗ್ರಾಹಕ ಸಾಲ ಬಾಳ ಜೋರಾಗಿ ಬೆಳೀತು ಅಂತ ಹೆದರಿ, ಆ ಸಾಲಕ್ಕ ಬ್ಯಾಂಕು ಹಿಡೀಬೇಕಾದ ಅಪಾಯದ ತೂಕಾನ 100ರಿಂದ 125ಕ್ಕ ಏರಿಸ್ತು. ಆ ಏರಿಕಿಯಿಂದ ಹೊರಗಿಟ್ಟ ಸಾಲಗಳಾಗ ವಿದ್ಯಾಸಾಲ ಒಂದು. ಮುಂಬೈದಾಗ ಕೂತವರು ಎರಡನ್ನೂ ಬ್ಯಾರೆ ಬ್ಯಾರೆ ತೂಗ್ತಾರ. ನಮ್ಮ ಶಾಖೆ ಕಟ್ಟಿ ಮ್ಯಾಲೆ ಮಾತ್ರ ಎರಡೂ ಒಂದೇ ತಕ್ಕಡಿ.

ಸಂಘದ ಸಾಲದ್ದು ಹೇಳೂದೇ ಬ್ಯಾಡ. ಕಿರುಸಾಲದ ವಸೂಲಿ ಕಾಟ ತಡಿಯಾಕ ಅಂತ ರಾಜ್ಯ ಸರ್ಕಾರ 2025ರ ಫೆಬ್ರುವರಿಯಾಗ ಸುಗ್ರೀವಾಜ್ಞೆ ತಂದು, 10 ವರ್ಷ ಜೈಲು, 5 ಲಕ್ಷ ದಂಡದ ತನಕ ಶಿಕ್ಷೆ ಇಡಬೇಕಾತು. ವಾರದ ಕಂತಿನ ಸಾಲ ತಂದು ಆರು ತಿಂಗಳ ಸೆಮಿಸ್ಟರ್ ಫೀ ಕಟ್ಟೋದು ಅಂದ್ರ ಹರಕ ಚೀಲದಾಗ ಗೋದಿ ತುಂಬಿದಂಗ.

ಬಂಗಾರ ಯಾರದು?

ಇದನ್ನ ಕೇಳಿದ್ರ ಕೆಲವರಿಗೆ ಸಿಟ್ಟು ಬರ್ತದ, ಬರಲಿ. ಒತ್ತಿ ಇಡೋ ಬಂಗಾರ ಅಕ್ಕಾರದು, ಅವ್ವಾರದು. ಅದನ್ನ ಇಟ್ಟು ಮೊದಲು ಓದಸೋದು ಮಗನ್ನ. ಮಗಳ ಪಾಳಿ ಬರೂತನಕ ಬಂಗಾರ ಬ್ಯಾಂಕಿನಾಗೇ ಇರ್ತದ. ಆವಾಗ "ಇನ್ನ ಬಂಗಾರ ಎಲ್ಲೈತಿ, ಇದ್ದದ್ದು ನಿನ್ನ ಮದುವಿಗೆ ಬೇಕಲ್ಲ" ಅಂತೀವಿ. ಸರ್ಕಾರಿ ಸೀಟು ಸಿಕ್ಕ ಹುಡುಗಿ ಮನ್ಯಾಗ ಉಳಿಯೋದು ಮಾರ್ಕ್ಸ್ ಕಡಿಮಿ ಆಗಿ ಅಲ್ಲ, ಮನಿಯ ಸಾಲದ ಪಾಳಿಯಾಗ ಕಡೀಕ ನಿಂತು.

ವಿದ್ಯಾಸಾಲ ಆ ಪಾಳಿ ಮುರೀತದ. ಅದು ಅಣ್ಣನ ಹಿಂದ ನಿಂದರೂದಿಲ್ಲ, ಅವಳ ಹೆಸರಿಲೆ ಅವಳ ಸೀಟಿಗೆ ಬರ್ತದ. ಕೆಲವು ಬ್ಯಾಂಕು ಹುಡುಗಿಯರಿಗೆ ಬಡ್ಡಿಯಾಗ ಅರ್ಧ ಪರ್ಸೆಂಟ್ ಬಿಡ್ತಾವ. "ಮದುವಿ ಆಗಿ ಹೋಗೋ ಹುಡುಗಿ ಹೆಸರಿಲೆ ಸಾಲ ಯಾಕ?" ಅನ್ನೋರಿಗೆ ನಾನು ಕೇಳೋದು ಒಂದ: ಮದುವಿಗೆ ಅಂತ ಮಾಡೋ ಸಾಲ ಯಾರ ಹೆಸರಿಲೆ ಇರ್ತದ, ಅದನ್ನ ಯಾರು ತೀರಿಸ್ತಾರ? ಆ ಸಾಲ ಯಾವ ಪಗಾರಾನೂ ತರಂಗಿಲ್ಲ.

ಸಾಲ ಸಿಕ್ರ ಎಲ್ಲಾ ಮುಗೀತೇನು?

ಇಲ್ಲ. ಸಾಲ ಸಾಲನೇ. ಇಲ್ಲಿ ಸರ್ಕಾರಕ್ಕ ಕೇಳೋದದ.

ಮೊದಲನೇದು, ಸಾಲ ಸಲೀಸಾದ್ರ ಫೀಸೂ ಏರ್ತಾವ. ಹನಿ ನೀರಾವರಿಗೆ ಸಬ್ಸಿಡಿ ಬಂದಾಗ ಪೈಪಿನ ರೇಟು ಏನಾತು ಅಂತ ನಿಮಗ ಗೊತ್ತದ. ಅಮೆರಿಕದಾಗ ಇದನ್ನ ಲೆಕ್ಕ ಹಾಕಿ ತೋರಿಸ್ಯಾರ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ 2015ರ ಅಧ್ಯಯನದಾಗ, ಸರ್ಕಾರದ ಸಬ್ಸಿಡಿ ಸಾಲದ ಮಿತಿ 1 ಡಾಲರ್ ಏರಿದ್ರ ಕಾಲೇಜ್ ಫೀ ಸುಮಾರು 60 ಸೆಂಟ್ ಏರಿತ್ತು. 2023ರಾಗ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್, ಸ್ಟೆಫನಿ ಸೆಲಿನಿ ಜೋಡಿ 2014ರಾಗ ಲಾಭಕ್ಕ ನಡಿಯೋ ಕಾಲೇಜುಗಳನ್ನ ಹೋಲಿಸಿ ನೋಡಿದ್ರು. ಸರ್ಕಾರದ ನೆರವು ಸಿಗೋ ಕಾಲೇಜಿನ ಫೀ, ಅಂಥದೇ ಕೋರ್ಸಿನ ನೆರವು ಇಲ್ಲದ ಕಾಲೇಜಿಗಿಂತ ಸುಮಾರು 75% ಜಾಸ್ತಿ ಇತ್ತು. ಎಲ್ಲಾ ಕಡೆ ಇದೇ ಪ್ರಮಾಣ ಅಂತಲ್ಲ, ಆದ್ರ ರೊಕ್ಕ ಎಲ್ಲಿ ಹರೀತದ ಅನ್ನೋದು ತಿಳೀತದ.

ನಮ್ಮ ಕರ್ನಾಟಕಕ್ಕ ಇದು ಹೊಸದಲ್ಲ. ಕ್ಯಾಪಿಟೇಶನ್ ತಡಿಯಾಕ 1984ರಾಗೇ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅದೇ ಕಾಯ್ದೆ ಕೆಳಗ 1989ರಾಗ ಖಾಸಗಿ ಮೆಡಿಕಲ್ ಕಾಲೇಜಿನಾಗ ಸರ್ಕಾರಿ ಸೀಟಿಗೆ ವರ್ಷಕ್ಕ 2,000, ರಾಜ್ಯದ ಬ್ಯಾರೆ ವಿದ್ಯಾರ್ಥಿಗೆ 25,000, ಹೊರಗಿನವರಿಗೆ 60,000 ಅಂತ ಬರದ್ರು. ಮೋಹಿನಿ ಜೈನ್ ಕೇಸಿನಾಗ 1992ರಾಗ ಸುಪ್ರೀಂ ಕೋರ್ಟ್ ಅದನ್ನ ಕ್ಯಾಪಿಟೇಶನ್ನೇ ಅಂತ ಹೇಳ್ತು. ಆವಾಗ ಬಾಗಿಲದಾಗ ಥೈಲಿ ತರಬೇಕಿತ್ತು. ಈಗ ಥೈಲಿ ಇಲ್ಲದವರಿಗೆ ಸಾಲದ ಅರ್ಜಿ ಕೊಡ್ತಾರ. ಬಾಗಿಲು ಅದೇ. ಸಾಲ ಸೀಟು ಹುಟ್ಟಸಂಗಿಲ್ಲ, ಸರ್ಕಾರಿ ಕಾಲೇಜು ಹುಟ್ಟಸ್ತಾವ.

ಎರಡನೇದು, 2024ರ ನವೆಂಬರ್‌ನಾಗ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ. ಚಲೋ ಯೋಜನೆ. ಒತ್ತಿ ಬ್ಯಾಡ, ಜಾಮೀನು ಬ್ಯಾಡ, 8 ಲಕ್ಷದ ಒಳಗ ಆದಾಯ ಇದ್ರ 10 ಲಕ್ಷದ ತನಕದ ಸಾಲಕ್ಕ ಓದೋ ಹೊತ್ತಿನ ಬಡ್ಡಿಯಾಗ 3% ಬಿಡ್ತಾರ. ಆದ್ರ ಶುರುವಾದಾಗ ಆ ಪಟ್ಟಿಯಾಗ ಇದ್ದದ್ದು ಇಡೀ ದೇಶದ 860 ಸಂಸ್ಥೆ, ರ‍್ಯಾಂಕಿಂಗ್ ನೋಡಿ ಆರಿಸಿದವು. ಜತ್ತ ಗಡಿ ಕಡೆಯಿಂದ ಬಸ್ ಹಿಡದು ವಿಜಯಪುರಕ್ಕ ಡಿಗ್ರಿಗೆ ಹೋಗೋ ಹುಡುಗರು ಎಷ್ಟು ಮಂದಿ ಆ ಪಟ್ಟಿಯ ಕಾಲೇಜಿನಾಗ ಅದಾರ? ರ‍್ಯಾಂಕ್ ಬಂದ ಕಾಲೇಜಿನ ಹುಡುಗನ ಬಡ್ಡಿ ಸರ್ಕಾರ ಹೊರ್ತದ, ಹತ್ತಿರದ ಕಾಲೇಜಿನ ಹುಡುಗನ ಬಡ್ಡಿ ಅವರಪ್ಪನ ಮಣೂಕ ಹೊರಬೇಕು.

ಮೂರನೇದು, ಕಂತು ಶುರುವಾಗೋ ಹೊತ್ತು. ಕೋರ್ಸ್ ಮುಗಿದ ಒಂದು ವರ್ಷಕ್ಕ ಕಂತು ಬರ್ತದ, ನೌಕರಿ ಸಿಗಲಿ ಬಿಡಲಿ. ಇದೇ ರಾಜ್ಯ ಸರ್ಕಾರ ಯುವನಿಧಿ ಅಂತ ಡಿಗ್ರಿ ಆಗಿ ಆರು ತಿಂಗಳು ನೌಕರಿ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದ ತನಕ ಕೊಡ್ತದ. ಅಂದ್ರ ನೌಕರಿ ಸಿಗಾಕ ಅಷ್ಟು ದಿನ ಆಗ್ತದ ಅಂತ ಸರ್ಕಾರಾನೇ ಒಪ್ಪಿದಂಗಾತು. ಮತ್ತ ಬ್ಯಾಂಕಿನ ಗಡಿಯಾರ ಒಂದೇ ವರ್ಷಕ್ಕ ಯಾಕ ಹೊಡೀತದ? 3,000 ಇಸಕೊಂಡು 7,140 ಕಂತು ಕಟ್ಟು ಅಂದ್ರ ಹ್ಯಾಂಗ?

ಪೀಕು 33% ಹೋದ್ರ ಪಂಚನಾಮೆ ಆಗ್ತದ, ಬೆಳೆಸಾಲದ ವಾಯಿದೆ ಮುಂದ ಹಾಕ್ತಾರ. ನೌಕರಿ ಬರಗಾಲಕ್ಕ ಪಂಚನಾಮೆ ಮಾಡೋರು ಯಾರು? ಆಸ್ಟ್ರೇಲಿಯಾದಾಗ 1989ರಿಂದ ಒಂದು ಪದ್ಧತಿ ಅದ. ಓದಿದವನ ಆದಾಯ ಒಂದು ಮಟ್ಟ ದಾಟಿದ ಮ್ಯಾಲೆ ತೆರಿಗೆ ಜೋಡಿ ಕಂತು ಕಡಿತ. ದಾಟದಿದ್ರ ಆ ವರ್ಷ ಕಂತಿಲ್ಲ. ನಮ್ಮ ಹಳೇ ಮಾತೂ ಅದೇ ಅಲ್ಲೇನು, ಪೀಕು ಬಂದ್ರ ಕೊಡ್ತೀವಿ, ಬರದಿದ್ರ ಮುಂದಿನ ಸುಗ್ಗಿಗೆ.

"ನಮ್ಮ ಹಿರಿಯರು ಹೊಲ ಮಾರಿ ಓದಿಸಿದ್ರು"

ಓದಿಸಿದ್ರು, ಅವರಿಗೆ ಕೈ ಮುಗೀತೀನಿ. ಆವಾಗ ಅವರಿಗೆ ಬ್ಯಾರೆ ದಾರಿ ಇದ್ದಿದ್ದಿಲ್ಲ. ಈಗ ಅದ. ಸಾಲಕ್ಕ ಕಡೀ ಕಂತು ಅಂತ ಒಂದದ. ಮಾರಿದ ಎಕರೆಗೆ ಅದಿಲ್ಲ. ಉತಾರದಾಗ ಹೆಸರು ಹೋತಂದ್ರ ಹೋತು. ಇದ್ದ ಮಕ್ಕಳಾಗ ಒಬ್ಬಂವ ಓದಿ ಹೊಂಟ, ಉಳಿದ ಇಬ್ಬರ ಪಾಲೂ ಅದರಾಗೇ ಹೋತು. ಅಣ್ಣತಮ್ಮರ ಜಗಳದ ಬೇರು ಎಷ್ಟು ಮನ್ಯಾಗ ಅಲ್ಲೇ ಅದ, ನೋಡಿಕೊಳ್ರಿ.

ಅಡ್ಮಿಷನ್ ಇರೋ ಮನಿಯವರು ಈಗ ಮಾಡೋ ಕೆಲಸ:

- ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಇವತ್ತೇ ಮಾಡಿಸ್ರಿ.
- ಕಾಲೇಜಿಂದ ನಾಲ್ಕೂ ವರ್ಷದ ಫೀ, ಹಾಸ್ಟೆಲ್ ಖರ್ಚಿನ ಪತ್ರ ಸಹಿ ಶಿಕ್ಕಾ ಹಾಕಿಸಿ ತಗೋರಿ. ಬರೀ ಮೊದಲ ವರ್ಷದ್ದು ಸಾಲಂಗಿಲ್ಲ.
- ವಿದ್ಯಾಲಕ್ಷ್ಮಿ ಪೋರ್ಟಲ್‌ನಾಗ ಅರ್ಜಿ ಹಾಕ್ರಿ. ಅಲ್ಲಿ ಹಾಕಿದ್ದಕ್ಕ ನಂಬರ್ ಇರ್ತದ, ದಿನಾಂಕ ಇರ್ತದ. ಬಾಯಿ ಮಾತಿಗೆ ಎರಡೂ ಇಲ್ಲ.
- ಹಿಂದುಳಿದ ವರ್ಗ, ಅಲ್ಪಸಂಖ್ಯಾತ ನಿಗಮಗಳ "ಅರಿವು" ಸಾಲ 2% ಬಡ್ಡಿದು. ಸಿಇಟಿ ಸೀಟಿನವರು ಮೊದಲು ಅದನ್ನ ಕೇಳ್ರಿ.
- ಇಲ್ಲ ಅಂದ್ರ ಬರದು ಕೊಡ್ರಿ ಅನ್ರಿ. ದೂರು ಬರದು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅದಾರ, ಫೋನ್ 14448.
- ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಸಾಲ ಮಾಡೋಕಿಂತ ಮೊದಲು, ಆ ಕೋರ್ಸ್ ಮುಗಿಸಿದ ನಾಲ್ಕು ಹುಡುಗರ ಪಗಾರ ಎಷ್ಟು ಅಂತ ಖುದ್ದ ಕೇಳ್ರಿ. ತಿಂಗಳಿಗೆ 15,000 ತರೋ ಡಿಗ್ರಿಗೆ 7,000 ಕಂತು ಕುಂದರಂಗಿಲ್ಲ.

ಬೆಳೆಸಾಲ ಬೆಳಿಗೆ ಇರಲಿ. ಬಂಗಾರ ಮನ್ಯಾಗ ಇರಲಿ. ಓದಿದವರ ಸಾಲ ಓದಿದವರ ಪಗಾರದಿಂದ ಹೋಗಲಿ. ತಿಕೋಟಾ, ಬಬಲೇಶ್ವರ ಕಡೆ ಯಾರಿಗರೆ ಬ್ಯಾಂಕು ಬರದು ಕೊಟ್ಟ ತಿರಸ್ಕಾರದ ಕಾಗದ ಇದ್ರ ಇಟ್ಕೊಳ್ರಿ, ಹರದು ಒಗೀಬ್ಯಾಡ್ರಿ. ಹತ್ತು ಕಾಗದ ಕೂಡಿದ್ರ ಎಲ್ಲರೂ ಕೂಡಿ ವಿಜಯಪುರದ ಲೀಡ್ ಬ್ಯಾಂಕ್ ಕಚೇರಿಗೆ ಹೋಗೋಣ. ಒಬ್ಬರು ಹೋದ್ರ ಅರ್ಜಿ, ಹತ್ತು ಮಂದಿ ಹೋದ್ರ ಲೆಕ್ಕ.